ತೆರೆಯ ಮೇಲೆ ಅವಳು ನಗುತ್ತಲೇ ಇದ್ದಳು
೧೯೩೪ ಆಗಸ್ಟ್ ೧೧, ಶನಿವಾರ

ಕಣ್ಣು ಮುಚ್ಚಿದರೆ ಆ ನಟಿಯ ನಗುವೇ ಬರುತ್ತದೆ, ಹಾಳಾದ್ದು.

ಪಕ್ಕದ ಮನೆ ಸೊಣ್ಣಪ್ಪನ ಹೆಂಡತಿ ಪಾಪಕ್ಕನ ಜೊತೆ ಊರಿಗಾಂ ಚಿನ್ನದ ಗಣಿಯ ಪಕ್ಕದ ಸಿನಿಮಾ ಟೆಂಟಿಗೆ ಹಾಲಿವುಡ್ ಚಿತ್ರ ನೋಡಲು ಹೋಗಿದ್ದೆ. ಆ ನಟಿ ಕಣ್ಣೀರು ಒರೆಸಿಕೊಂಡು ನಗುವುದನ್ನು ಎಷ್ಟು ಸಲ ನೋಡಿದರೂ ನನಗೆ ಸಾಲದು. ಅವಳು ನಕ್ಕಳು ಅನ್ನುವಷ್ಟರಲ್ಲಿ ನೆಲ ನಡುಗಿತು. ಗಣಿಯೊಳಗೆ ಬಂಡೆ ಸಿಡಿದಿದೆ ಎಂದು ಯಾರೂ ಹೇಳಬೇಕಿರಲಿಲ್ಲ. ಹೆಂಗಸರೆಲ್ಲ ಎದ್ದು ಓಡಿದೆವು.

ಟೆಂಟಿನ ಬಾಗಿಲಲ್ಲಿ ನನ್ನ ಗಂಡ ನಿಂತಿದ್ದರು. ಆ ಹೊತ್ತಿಗೆ ಗಣಿಯೊಳಗಿರಬೇಕಾಗಿದ್ದವರು, ಆ ನಟಿಯನ್ನು ನೋಡಲು ಕದ್ದು ಬಂದಿದ್ದರಂತೆ.

ಪಾಪಕ್ಕ ಅತ್ತುಬಿಟ್ಟಳು. ನನ್ನ ಕೈ ಹಿಡಿದು, “ಬುಡಕ್ಕ, ಅಣ್ಣ ಬದುಕ್ಕೊಂಡ್ರಲ್ಲ. ನಮ್ಮೋರ್ಗೆ ಇವತ್ತು ರಜ, ಮನೇಲವ್ರೆ” ಅಂದಳು.

ಇವರು ತಲೆ ಎತ್ತಲಿಲ್ಲ. “ನನ್ ಬದ್ಲು ಸೊಣ್ಣಪ್ಪ ಇಳ್ದವ್ನೆ” ಅಂದರು.

ಪಾಪಕ್ಕ ಇನ್ನೂ ನನ್ನ ಕೈ ಹಿಡಿದೇ ಇದ್ದಳು.