ಅರ್ಪಿತಾಳಿಗೆ ಏರಿಸಿದ್ದು ಏನು?

ಶಿಬಿರ ಉದ್ಘಾಟಿಸಿದ ಆರೋಗ್ಯಾಧಿಕಾರಿಗಳಿಗೆ,

ಮಾನ್ಯರೇ, ಕೊಪ್ಪದಲ್ಲಿ ತಾವು ದೀಪ ಹಚ್ಚಿ ಉದ್ಘಾಟಿಸಿದ ಸ್ಟೆಮ್ ಸೆಲ್ ಶಿಬಿರದಲ್ಲಿ ನನ್ನ ಮಗಳು ಅರ್ಪಿತಾಳ ರಕ್ತನಾಳಕ್ಕೆ ಏನನ್ನೋ ಏರಿಸಿದರು. ಅದು ಏನೆಂದು ನಮಗೆ ಗೊತ್ತಿಲ್ಲ. ತಮಗೆ ಗೊತ್ತಿಲ್ಲವೋ, ಗೊತ್ತಿದ್ದೂ ಬಾಯಿ ಬಿಡುತ್ತಿಲ್ಲವೋ, ಅದೂ ಗೊತ್ತಿಲ್ಲ. ಕಚೇರಿಗೆ ಬಂದಾಗಲೆಲ್ಲ ಸಾಹೇಬರು ಮೀಟಿಂಗಿನಲ್ಲಿರುತ್ತಾರೆ. ಆದ್ದರಿಂದ ಊರಿಗೆಲ್ಲ ಕೇಳುವ ಹಾಗೆ ಈ ಪತ್ರಿಕೆಯಲ್ಲಿ ಕೇಳುತ್ತಿದ್ದೇನೆ.

ವಿಷಯ ಗೊತ್ತಿಲ್ಲದ ಓದುಗರಿಗಾಗಿ ಹೇಳುತ್ತೇನೆ. ಅರ್ಪಿತಾಳಿಗೆ ರಕ್ತದ ಕ್ಯಾನ್ಸರ್ ಇತ್ತು. ಬೆಂಗಳೂರಿನಲ್ಲಿ ಅವಳ ಅಣ್ಣ ಕಿರಣನ ಅಸ್ಥಿಮಜ್ಜೆ ತೆಗೆದು ಅವಳಿಗೆ ಕಸಿ ಮಾಡಿದರು. ಕ್ಯಾನ್ಸರ್ ಹೋಯಿತು. ಆದರೆ ಅಣ್ಣನಿಂದ ಬಂದ ರಕ್ಷಣಾ ಕೋಶಗಳು ತಂಗಿಯ ಮೈಯನ್ನೇ ಶತ್ರುವೆಂದು ತಿಳಿದು ಅದರ ಮೇಲೆ ಬಿದ್ದವು. ಚರ್ಮ ಸುಲಿಯಿತು, ಬಾಯಿ ಹುಣ್ಣಾಯಿತು, ತಿಂದದ್ದು ಹೊಟ್ಟೆಯಲ್ಲಿ ನಿಲ್ಲದಾಯಿತು. ಬೆಂಗಳೂರಿನ ಡಾಕ್ಟರು ಮಾತ್ರೆ ಕೊಟ್ಟು, “ಇದನ್ನು ತಣಿಸಲು ಇನ್ನೊಂದು ಬಗೆಯ ಸ್ಟೆಮ್ ಸೆಲ್, ಅಂದರೆ ಮೂಲ ಜೀವಕೋಶ, ಬಳಸಿ ಪ್ರಯೋಗ ನಡೆಯುತ್ತಿದೆ. ಫಲ ಇನ್ನೂ ಖಚಿತವಿಲ್ಲ. ಅವಕಾಶ ಬಂದರೆ ಕರೆಯುತ್ತೇನೆ, ಕಾಯಿರಿ” ಎಂದರು. ನಾವು ಕಾಯುತ್ತಿದ್ದೆವು. ಅಷ್ಟರಲ್ಲಿ ತಾವು ಬಂದಿರಿ.

“ಮಲೆನಾಡಿನವರ ಬಾಗಿಲಿಗೇ ವಿಜ್ಞಾನ ಬಂದಿದೆ” ಎಂದು ಭಾಷಣ ಮಾಡಿದಿರಿ. ಬಂತು ಸ್ವಾಮಿ, ಬಾಡಿಗೆ ಜೀಪಿನಲ್ಲಿ ಬಂತು. ಥರ್ಮಾಕೋಲ್ ಡಬ್ಬಿಯೊಳಗೆ, ಲೇಬಲ್ ಕಿತ್ತ ಬಾಟಲಿಯಲ್ಲಿ ಬಂತು. ಬೆಂಗಳೂರಿನ ದೊಡ್ಡ ಡಾಕ್ಟರಿಗೇ ಇನ್ನೂ ಖಚಿತವಿಲ್ಲದ್ದು ಕೊಪ್ಪದ ಸಮುದಾಯ ಭವನದಲ್ಲಿ ಖಚಿತವಾದದ್ದು ಹೇಗೆ? ಇಂಥ ಚಿಕಿತ್ಸೆಯನ್ನು ಅನುಮತಿ ಪಡೆದ ಪ್ರಯೋಗದಲ್ಲಿ ಮಾತ್ರ ಕೊಡಬೇಕೆಂಬ ಮಾರ್ಗಸೂಚಿ ದೆಹಲಿಯಿಂದ ಬಂದಿದೆಯಂತಲ್ಲ, ಅದು ಘಟ್ಟ ಹತ್ತುವಾಗ ಆಗುಂಬೆಯಲ್ಲಿ ಕೆಟ್ಟು ನಿಂತಿತೇ? ನಾನೂ ಎರಡು ಅವಧಿ ಪಂಚಾಯ್ತಿ ಸದಸ್ಯೆಯಾಗಿದ್ದವಳು. ಒಳಗೇನಿದೆ ಎಂದು ನೋಡದೆ ರಿಬ್ಬನ್ ಕತ್ತರಿಸುವವರನ್ನು ಬೇಕಾದಷ್ಟು ಕಂಡಿದ್ದೇನೆ. ಆದರೆ ಅವರು ಕತ್ತರಿಸಿದ್ದು ಬಸ್ ಸ್ಟ್ಯಾಂಡಿನ ರಿಬ್ಬನ್.

“ನೀವು ಆಗಲೇ ಕೇಳಬೇಕಿತ್ತು” ಎಂದು ತಮ್ಮ ಕಚೇರಿಯವರು ಬುದ್ಧಿ ಹೇಳಿದರು. ಕೇಳಲು ಬಾಯಿ ತೆರೆದಿದ್ದೆ. ನಮ್ಮ ಕಡೆ ನಾಟಿ ವೈದ್ಯರು ಕಾಮಾಲೆಗೆ ಬೇರು ಅರೆದು ಕೊಟ್ಟರೆ ಯಾವ ಬೇರು ಎಂದು ಯಾರೂ ಕೇಳುವುದಿಲ್ಲ. ಹೆಸರು ಕೇಳಿದರೆ ಔಷಧಿಯ ಗುಣ ಹೋಗುತ್ತದೆ ಎಂಬ ನಂಬಿಕೆ. ನಾನು “ಎಂತ ಔಷಧಿ ಇದು?” ಎನ್ನುತ್ತಿದ್ದಂತೆ ನನ್ನ ಯಜಮಾನರು ಮಂಜಪ್ಪನವರು ಕೈ ಹಿಡಿದು ಜಗ್ಗಿದರು. “ಸುಮ್ನಿರೆ ಮಾರಾಯ್ತಿ. ಹೆಸ್ರು ಕೇಳಿರೆ ನಾಟಲ್ಲ. ಮಗ್ಳು ಹುಷಾರಾಗೋದು ಬೇಡ್ವಾ ನಿಂಗೆ?” ಶಿಬಿರದಲ್ಲಿ ಡಾಕ್ಟರ ಬಿಳಿ ಕೋಟು ಹಾಕಿದ್ದವನು ನಕ್ಕು, “ಯಜಮಾನರು ಸರಿಯಾಗೇ ಹೇಳಿದ್ರು ಅಮ್ಮಾ. ನಿಮ್ಮ ಕಡೆ ಕೇಳೋ ಪದ್ಧತಿ ಇಲ್ಲ ಅಂತ ಗೊತ್ತಿದ್ದೇ ಇಲ್ಲಿಗೆ ಬಂದಿದ್ದು” ಎಂದ. ಆಗ ಅದು ತಮಾಷೆ ಎಂದುಕೊಂಡೆ. ಈಗ ಆ ಮಾತು ನೆನೆದರೆ ಮೈ ಉರಿಯುತ್ತದೆ. ನಮ್ಮ ಮನೆಮನೆಯ ನಂಬಿಕೆ ಅವನಿಗೆ ಹೇಳಿಕೊಟ್ಟವರು ಯಾರು? ಇಂಥ ಶಿಬಿರಗಳಿಗೆ ಬೇರೆ ಊರು ಬಿಟ್ಟು ಕೊಪ್ಪ, ಶೃಂಗೇರಿ, ನರಸಿಂಹರಾಜಪುರವನ್ನೇ ಆರಿಸಿಕೊಟ್ಟವರು ಯಾರು? ತಮ್ಮ ಮೇಲೆ ಅನುಮಾನ ಪಡುವುದು ತಪ್ಪಾದರೆ ಕ್ಷಮಿಸಿ. ಆದರೆ ನನಗೆ ಅನುಮಾನವಿದೆ.

ಔಷಧಿ ಏರಿಸಿದ ಮೇಲೆ ಅರ್ಪಿತಾಳಿಗೆ ಚಳಿಜ್ವರ ಬಂತು. ಶಿಬಿರದವರಿಗೆ ಫೋನು ಮಾಡಿದರೆ ಸ್ವಿಚ್ ಆಫ್. ಜ್ವರವೇನೋ ಇಳಿಯಿತು. ಈಗ ಬೆಂಗಳೂರಿನಿಂದ ಕರೆ ಬಂದಿದೆ, ಪ್ರಯೋಗದಲ್ಲಿ ಅವಳಿಗೆ ಜಾಗ ಇದೆಯಂತೆ. ಕೇಳಿ ಕುಣಿದಾಡಬೇಕಿತ್ತು. ಆದರೆ ಡಾಕ್ಟರು ಶಿಬಿರದ ಕಥೆ ಕೇಳಿ ಫೋನಿನಲ್ಲೇ “ಅಯ್ಯೋ” ಎಂದು ಉದ್ಗರಿಸಿದರು. “ಯಾರ ಜೀವಕೋಶವೋ, ಪ್ರಾಣಿಯದೋ ಮನುಷ್ಯನದೋ, ಜೊತೆಗೆ ಯಾವ ಸೋಂಕು ಹೋಗಿದೆಯೋ, ತಿಳಿಯದೆ ನಾನು ಸೇರಿಸಿಕೊಳ್ಳುವಂತಿಲ್ಲ. ಬರೀ ಸಲೈನ್, ಅಂದರೆ ಉಪ್ಪುನೀರು, ಆಗಿದ್ದರೆ ತೊಂದರೆಯಿಲ್ಲ” ಎಂದರು. ಏರಿಸಿದ್ದು ಏನೆಂದು ಈ ತಿಂಗಳೊಳಗೆ ಹೇಳದಿದ್ದರೆ ಆ ಜಾಗ ಬೇರೆಯವರಿಗೆ ಹೋಗುತ್ತದೆ. ಹೋಗಲೇಬೇಕು, ಅವರೂ ಯಾರದೋ ಮಕ್ಕಳೇ.

ಮೊನ್ನೆ ಗಂಜಿ ಕುಡಿಸುವಾಗ ಅರ್ಪಿತಾ ಹೇಳಿದಳು: “ಅಮ್ಮ, ಅವ್ರು ನಮಗೆ ಮೋಸ ಮಾಡಿರ್ಲಿ ಅಂತ ಬೇಡ್ಕೊ. ಬರೀ ಉಪ್ಪುನೀರು ಹಾಕಿರ್ಲಿ ಅಂತ.”

ಬೇಡಿಕೊಳ್ಳುತ್ತಿದ್ದೇನೆ ಮಾನ್ಯರೇ, ದೇವರನ್ನಲ್ಲ, ತಮ್ಮನ್ನು. ಶಿಬಿರದವರು ಎಲ್ಲಿದ್ದರೂ ಹಿಡಿಸಿ ತನ್ನಿ. ಬಾಟಲಿಯಲ್ಲಿ ಇದ್ದದ್ದೇನೆಂದು ಬರೆಸಿ, ಸಹಿ ಹಾಕಿ ಕೊಡಿ. ಅದು ಬರೀ ಉಪ್ಪುನೀರಾಗಿದ್ದರೆ ನಾನು ದೂರು ಕೊಡುವುದಿಲ್ಲ, ಪೇಪರಿಗೆ ಮತ್ತೆ ಬರೆಯುವುದಿಲ್ಲ. ತಮ್ಮ ಕಚೇರಿಗೆ ಬಂದು, ತಮ್ಮ ಕೈಗೇ ಸಿಹಿ ಕೊಟ್ಟು ಹೋಗುತ್ತೇನೆ.

ಇಂತಿ,
ಮೋಸ ಹೋಗಿದ್ದೇನೆಂಬ ಶುಭಸುದ್ದಿಗಾಗಿ ಕಾದಿರುವ
ವನಜಮ್ಮ
ಭಂಡಿಗಡಿ, ಕೊಪ್ಪ ತಾಲ್ಲೂಕು
ಆಗಸ್ಟ್ 2008