ಹಲ್ಲಿಲ್ಲದ ದವಡೆಯ ಅಳತೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಪುಟ್ಟೀ,

ನಿನ್ನ ಮೂರೂ ಪತ್ರಗಳು ಬಂದಿವೆ. ಉತ್ತರಿಸದಿದ್ದುದಕ್ಕೆ ಎಷ್ಟು ಬೇಕಾದರೂ ಬೈಯಿ, ಮುನಿಸಿಕೊಳ್ಳಬೇಡ. ಅಮ್ಮನ ಮಂಡಿನೋವು ಇಳಿದಿದೆ. ಗೊಣಗಾಟ ಮಾತ್ರ ಹಾಗೇ ಇದೆ. ನೀನೂ ನನ್ನ ಹಾಗೆ ಮೂಳೆ ಪರೀಕ್ಷೆಯ ವಿದ್ಯೆಗೇ ಸೇರಿ, "ನಮ್ಮಪ್ಪನ ಕಣ್ಣು ತಪ್ಪೋದೇ ಇಲ್ಲ" ಅಂತ ಗೆಳತಿಯರ ಮುಂದೆ ಜಂಬ ಕೊಚ್ಚಿದೆಯಂತೆ. ಅದನ್ನು ಓದಿದ ಮೇಲೆ ಪೆನ್ನು ಹಿಡಿಯಲು ಕೈ ಬರಲಿಲ್ಲ.

ಆರು ವರ್ಷದ ಹಿಂದೆ ಎಲ್ಲೋ ಪಾಯ ತೋಡುವಾಗ ಸಿಕ್ಕಿದ ಕೆಳದವಡೆಯೊಂದನ್ನು ನನ್ನ ಮೇಜಿಗೆ ತಂದರು. ಒಂದೂ ಹಲ್ಲಿಲ್ಲ, ಹಲ್ಲಿನ ಕುಳಿಗಳೂ ಮುಚ್ಚಿಹೋಗಿದ್ದವು. ಅಳೆದೆ. ಮೂಳೆಯ ಎತ್ತರ ಕಡಿಮೆ, ಕಿವಿಯ ಕೆಳಗಿನ ಕೋನ ಅಗಲ. "ಹೆಂಗಸು, ಅರವತ್ತು ದಾಟಿದ ವಯಸ್ಸು" ಎಂದು ಬರೆದು ಸಹಿ ಹಾಕಿದೆ. ಹಲ್ಲು ಹೋದ ಮೇಲೆ ದವಡೆ ಸವೆಯುತ್ತದೆ, ಕೋನ ಬಿಚ್ಚಿಕೊಳ್ಳುತ್ತದೆ, ಗಂಡಸಿನದು ಹೆಂಗಸಿನದರಂತೆಯೂ ನಡುವಯಸ್ಸಿನವರದು ಮುದುಕರದರಂತೆಯೂ ಕಾಣಬಹುದು. ಇದೇನು ನನಗೆ ಗೊತ್ತಿಲ್ಲದ್ದಲ್ಲ. ಆದರೂ ಹಲ್ಲಿದ್ದವರ ಅಳತೆಪಟ್ಟಿಯನ್ನೇ ಪಕ್ಕದಲ್ಲಿಟ್ಟುಕೊಂಡು ಕೈತೊಳೆದುಕೊಂಡೆ. ಮೇಜಿನ ಮೇಲೆ ಇನ್ನೂ ನಾಲ್ಕು ಕಾಯುತ್ತಿದ್ದವು.

ಅದೇ ವಾರ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ಕಾಣೆಯಾದ ತಮ್ಮನನ್ನು ಹುಡುಕಿಕೊಂಡು ಬಂದಳು. ಅವನಿಗೆ ಮೂವತ್ತೆಂಟು.

"ಇದು ಯಾರೋ ಮುದುಕಿಯದಮ್ಮ, ನಿಮ್ಮ ತಮ್ಮನದಲ್ಲ," ಎಂದೆ.

"ಹಾಗಾದ್ರೆ ಎಲ್ಲೋ ಬದುಕಿದ್ದಾನೆ ಬಿಡಿ ಸಾರ್," ಎಂದು ಕೈಮುಗಿದು ಹೋದಳು.

ಹೋದ ತಿಂಗಳು ಹಳೆಯ ಮೂಳೆಗಳಿಗೆಲ್ಲ ಡಿಎನ್‌ಎ ಪರೀಕ್ಷೆ ಮಾಡಿಸಿದರು. ಆ ದವಡೆ ಅವನದೇ.

ಹೇಳುವ ಕೆಲಸವೂ ನನ್ನ ಪಾಲಿಗೇ ಬಂತು. ಆಕೆಯ ಅಂಗಡಿಯೆಂದರೆ ಮೆಟ್ಟಿಲ ಕೆಳಗಿನ ಒಂದು ಗೂಡು. ನಾನು ಹೇಳುತ್ತಿದ್ದಂತೆ ಮೆಷಿನ್ ತುಳಿಯುತ್ತಿದ್ದ ಕಾಲು ನಿಂತಿತು. ಸೂಜಿಯ ದಾರ ಕಡಿದು ಕೇಳಿದಳು: "ವರ್ಷಕ್ಕೊಂದು ಅಂತ ಅವನ ಅಳತೆಗೆ ಆರು ಶರ್ಟು ಹೊಲಿದಿಟ್ಟಿದ್ದೀನಿ. ಅದನ್ನ ಏನ್ ಮಾಡ್ಲಿ ಸಾರ್?"

ತಲೆ ತಗ್ಗಿಸಿಕೊಂಡು ಬಂದುಬಿಟ್ಟೆ.

ಆಮೇಲೆ ವಿಚಾರಣೆಯಾಯಿತು. "ಅವನಿಗೆ ಹಲ್ಲಿರಲಿಲ್ಲ ಅಂತ ಮನೆಯವರೇ ಹೇಳದಿದ್ರೆ ನಿಮಗೇನು ಕನಸು ಬೀಳತ್ತಾ?" ಎಂದು ನಮ್ಮ ಸಾಹೇಬರು ಫೈಲು ಮುಚ್ಚಿದರು. ಸಹೋದ್ಯೋಗಿಗಳು ಬೆನ್ನು ತಟ್ಟಿದರು. ಒಂದೊಂದು ತಟ್ಟಿಗೂ ನಾನು ಕುಗ್ಗಿದೆ.

ಹೊತ್ತು ಹೊತ್ತಿಗೆ ಊಟ ಮಾಡು. ಚೆನ್ನಾಗಿ ಕಲಿ. ನಿನ್ನ ಕಣ್ಣು ಚುರುಕಾಗಿರಲಿ, ಕಿವಿ ಅದಕ್ಕಿಂತ ಚುರುಕಾಗಿರಲಿ.

ನಿನ್ನ
ಅಪ್ಪ

ತಾ.ಕ.: ಆಕೆ ಹೇಳಿದ್ದಳು, ಪುಟ್ಟೀ. ಮೊದಲ ದಿನವೇ. "ಒಸಡಿನ ರೋಗ ಬಂದು ಇಪ್ಪತ್ತೈದಕ್ಕೇ ಅವನ ಹಲ್ಲೆಲ್ಲ ಹೋಗಿದ್ವು ಸಾರ್, ಇನ್ನೊಂದ್ಸಲ ನೋಡಿ." ನನಗೆ ಊಟಕ್ಕೆ ಹೊತ್ತಾಗಿತ್ತು. ವಿಚಾರಣೆಯಲ್ಲಿ "ಅವರು ಹೇಳಲಿಲ್ಲ" ಎಂದುಬಿಟ್ಟೆ. ಆಕೆ ಎದುರಿಗೇ ಕೂತಿದ್ದಳು. ನನ್ನ ಮುಖವನ್ನೇ ನೋಡಿ, "ಹೇಳಿರ್ಲಿಲ್ವೇನೋ. ಓದಿದೋರು ಸುಳ್ಳು ಹೇಳ್ತಾರಾ? ನಂಗೇ ಮರೆತಿರ್ಬೇಕು," ಎಂದಳು.