ಕಲೆ ಕಾಣದ ಬಣ್ಣ

ಭಾನುವಾರ, ಮಧ್ಯಾಹ್ನ

ನನ್ನ ಚಿನ್ನದಂಥ ಪುಟ್ಟಿ,

ಮೊದಲು ಒಂದು ಬಿಗಿ ಅಪ್ಪುಗೆ, ಆಮೇಲೆ ಮಾತು! ನಿನ್ನ ಪತ್ರ ಬುಧವಾರವೇ ಕೈಸೇರಿತು. ನಿನ್ನ ಅತ್ತೆ ಬಿದ್ದು ಸೊಂಟ ಮುರಿದುಕೊಂಡದ್ದು ಓದಿ ಕರುಳು ಚುರುಕ್ ಎಂದಿತು. "ಅಪ್ಪ ಹೋಗೋವರೆಗೂ ಒಬ್ಬಳೇ ನೋಡ್ಕೊಂಡವಳು ನೀನು, ನಿನಗೆ ಅಭ್ಯಾಸ ಇದೆ. ಒಂದಾರು ತಿಂಗಳು ಬಂದಿರು ಅಕ್ಕ" ಎಂದು ಕೇಳಿದ್ದೀಯ. ಉತ್ತರ ಹೇಳುತ್ತೇನೆ. ಅದಕ್ಕೆ ಮುಂಚೆ ಇಲ್ಲಿಯ ಸುದ್ದಿ ಕೇಳು, ಹೊಟ್ಟೆಯಲ್ಲಿ ಇಟ್ಟುಕೊಳ್ಳಲು ಆಗುತ್ತಿಲ್ಲ.

ದರ್ಜಿಯನ್ನು ಮದುವೆಯಾದರೆ ಏನಾಗುತ್ತದೆ ಗೊತ್ತೇ? ಮೊದಲ ವಾರವೇ ನಿನ್ನ ಭಾವ ನನ್ನನ್ನು ಅಂಗಡಿಯ ಬಟ್ಟೆಗಳ ಮುಂದೆ ನಿಲ್ಲಿಸಿ, ಯಾವ ಬಣ್ಣ ಇಷ್ಟ ಎಂದರು. ನಾನು ಥಟ್ಟನೆ, "ಕಲೆ ಕಾಣದ್ದು" ಎಂದೆ! ಅವರು ಬಿದ್ದು ಬಿದ್ದು ನಕ್ಕು, "ಆ ಬಣ್ಣ ಸ್ಟಾಕ್ ಇಲ್ಲ ಕಣೇ, ಬೇರೆ ಹೇಳು" ಎಂದರು. ಬೇರೆ ಹೊಳೆಯಲೇ ಇಲ್ಲ, ಪುಟ್ಟಿ. ಅಪ್ಪನಿಗೆ ಯಾವ ಮಗ್ಗುಲು, ಯಾವ ದಿಂಬು, ಚಮಚದಲ್ಲಿ ಎಷ್ಟು ಗಂಜಿ, ಎಲ್ಲ ಬಾಯಿಪಾಠ. ನನ್ನದೇ ಒಂದೂ ಗೊತ್ತಿಲ್ಲ!

ಅಂದಿನಿಂದ ನನ್ನ ಮೇಲೆ ನಾನೇ ಪತ್ತೇದಾರಿಕೆ ಮಾಡುತ್ತಿದ್ದೇನೆ. ಚಹಾಕ್ಕೆ ಸಕ್ಕರೆ ನನಗೆ ಹಿಡಿಸುವುದೇ ಇಲ್ಲ. ಇಷ್ಟು ವರ್ಷ ಕುಡಿದದ್ದು ಅಪ್ಪ ಬಿಟ್ಟ ಅರ್ಧ ಲೋಟ. ಕಿಟಕಿ ತೆರೆದರೆ ಒಳ್ಳೆಯ ನಿದ್ದೆ. ಸಿನಿಮಾದಲ್ಲಿ ನಾನು ನಕ್ಕರೆ ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆ!

ಹಳೆಯ ಚಾಳಿ ಪೂರ್ತಿ ಹೋಗಿಲ್ಲ. ಮೊನ್ನೆ ಅವರ ಬ್ರೆಡ್ಡನ್ನು ಚೂರು ಚೂರು ಮಾಡಿ ತಟ್ಟೆಗಿಟ್ಟೆ. "ನನಗೆ ಹಲ್ಲಿದೆ, ಬೇಕಾದ್ರೆ ಎಣಿಸ್ಕೋ" ಎಂದರು. ಮಧ್ಯಾಹ್ನ ಅವರು ಮಲಗಿ ಗೊರಕೆ ನಿಂತರೆ ಸಾಕು, ನನ್ನ ಕೈ ಅವರ ಎದೆಯ ಮೇಲಿರುತ್ತದೆ. ಕಣ್ಣು ಬಿಡದೆಯೇ, "ಇದ್ದೀನಿ, ಇದ್ದೀನಿ" ಎನ್ನುತ್ತಾರೆ. ನಮ್ಮ ಕಿಸಿಕಿಸಿ ಕೇಳಿ ನಾದಿನಿ, "ಹೊಸದರಲ್ಲಿ ಅಗಸ ಎತ್ತೆತ್ತಿ ಒಗೆದನಂತೆ, ನೋಡೋಣ ಎಷ್ಟು ದಿನ" ಎಂದು ಮೂತಿ ತಿರುವಿದರು. ತಿರುವಲಿ ಬಿಡು!

ಅಂಗಡಿಯಲ್ಲಿ ಗುಂಡಿ ಹೊಂದಿಸುವುದು ಈಗ ನನ್ನ ಕೆಲಸ. ನಿನ್ನೆ ನನಗೆಂದು ನಿಂಬೆಹಳದಿ ಬಟ್ಟೆ ಆರಿಸಿದೆ. ಚಹಾದ ಒಂದು ಹನಿ ಬಿದ್ದರೂ ಊರಿಗೆಲ್ಲ ಕಾಣುವಂಥದ್ದು!

ಈಗ ಉತ್ತರ. ನಾನು ಬರುವುದಿಲ್ಲ.

ಗಂಡ ಬಿಡುತ್ತಿಲ್ಲ ಎಂದು ಬರೆಯಬಹುದಿತ್ತು. ಅವರು, "ಹೋಗ್ಬೇಕು ಅನ್ನಿಸಿದ್ರೆ ಹೋಗು" ಎಂದೇ ಹೇಳಿದ್ದಾರೆ. ಬೇಡ ಎನ್ನುತ್ತಿರುವುದು ನಾನೇ. ಹಗಲಿಗೊಬ್ಬ ದಾದಿಯನ್ನು ಇಟ್ಟುಕೋ. ಅತ್ತೆಯನ್ನು ಹೊರಳಿಸುವಾಗ ಮೊದಲು ಹೇಳು, ಆಮೇಲೆ ಮುಟ್ಟು. ಹೇಳದೆ ಮುಟ್ಟಿದರೆ ಮೈ ಬಿಗಿಯುತ್ತದೆ. ಏನೇ ಅನುಮಾನ ಬಂದರೂ ಫೋನ್ ಮಾಡು. ಸಿಟ್ಟು ಬಂದರೆ ಚೆನ್ನಾಗಿ ಬೈದು ಬರೆ, ಆದರೆ ಬರೆ.

ಮುದ್ದಿನ ಮೇಲೆ ಮುದ್ದು,
ನಿನ್ನ ಅಕ್ಕ

ಮರೆತ ಮಾತು: ಮರೆತದ್ದೇನಲ್ಲ, ಮುಚ್ಚಿಟ್ಟದ್ದು. ಗುರುವಾರ ಯಾರಿಗೂ ಹೇಳದೆ, ನಿನ್ನಲ್ಲಿಗೆ ಬರಲೆಂದೇ ಬ್ಯಾಗು ತುಂಬಿಕೊಂಡು ಬಸ್ ನಿಲ್ದಾಣಕ್ಕೆ ಹೋಗಿದ್ದೆ. ದಾರಿಯುದ್ದಕ್ಕೂ ಎಷ್ಟು ಹಗುರವಾಗಿದ್ದೆ ಗೊತ್ತೇ! ಬೆಳಗ್ಗೆ ಎದ್ದು ಏನು ಮಾಡಬೇಕೆಂದು ಮತ್ತೆ ನನಗೆ ಗೊತ್ತಿತ್ತು. ಆ ಖುಷಿಗೇ ಹೆದರಿ ವಾಪಸ್ ಬಂದೆ. ಇನ್ನೊಮ್ಮೆ ಕೇಳಬೇಡ ಪುಟ್ಟಿ. ಕೇಳಿದರೆ ಬಂದುಬಿಡುತ್ತೇನೆ.